ಮಳೆಗಾಲದ ಆರು ಶನಿವಾರ, ಆರು ಸ್ಕ್ರೂಬಾಲ್ ಚಿತ್ರ: ಮಲೆನಾಡಿನ ಊರಲ್ಲಿ ತೋರಿಸುವ ಬಗೆ

ಆಷಾಢ ಬಂತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮದುವೆ ಮುಂಜಿ ನಿಲ್ಲುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಟ್ಟಿರುತ್ತವೆ. ಇನ್ನೇನಿದ್ದರೂ ತಾಳಮದ್ದಳೆಯ ಕಾಲ: ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಮಾತಿಗೆ ಮಾತು ಕಟ್ಟುತ್ತಾರೆ. ಯಾರ ಮಾತು ಎಲ್ಲಿ ತಿರುಗಿತು, ಯಾರು ಯಾರನ್ನು ಅವರದೇ ಮಾತಿನಲ್ಲಿ ಸಿಕ್ಕಿಸಿದರು ಎಂದು ಕಿವಿಗೊಟ್ಟು ಕೂರುವ ಅಭ್ಯಾಸ ಇಲ್ಲಿಯ ಜನಕ್ಕಿದೆ. 1934ರಿಂದ 1942ರವರೆಗೆ ಹಾಲಿವುಡ್ಡಿನಲ್ಲಿ ಬಂದ ಸ್ಕ್ರೂಬಾಲ್ ಪ್ರೇಮಹಾಸ್ಯ ಚಿತ್ರಗಳಿಗೆ ಬೇಕಾದ ಕಿವಿಯೂ ಇದೇ. ಸ್ಕ್ರೂಬಾಲ್ ಎಂಬುದು ಬೇಸ್‌ಬಾಲ್ ಆಟದ ಮಾತು. ಬ್ಯಾಟು ಹಿಡಿದವನು ಎಣಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಎಸೆತ ಅದು, ನಮ್ಮ ಕ್ರಿಕೆಟ್ಟಿನ ಗೂಗ್ಲಿ ಇದ್ದ ಹಾಗೆ. ಈ ಚಿತ್ರಗಳಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ಅಂಥ ಎಸೆತಗಳನ್ನೇ ಎಸೆಯುತ್ತಾರೆ, ಹೆಚ್ಚಿನ ಸಲ ಗೆಲ್ಲುವುದು ಹೆಣ್ಣು.

ಆದ್ದರಿಂದ ಪರದೆ, ಸ್ಪೀಕರ್, ಕನ್ನಡ ಸಬ್‌ಟೈಟಲ್, ಚಿತ್ರಗಳ ಸರದಿ, ಯಾವುದನ್ನು ತೀರ್ಮಾನಿಸುವಾಗಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಹಿಂದಿನ ಸಾಲಿನಲ್ಲಿ ಕೂತವರಿಗೆ ಮಾತು ಸರಿಯಾದ ಹೊತ್ತಿಗೆ ತಲುಪುತ್ತದೆಯೇ? ಎರಡು ಸೆಕೆಂಡು ತಡವಾಗಿ ತಲುಪಿದ ನಗೆಮಾತಿಗೆ ಯಾರೂ ನಗುವುದಿಲ್ಲ.

ಯಾವ ಚಿತ್ರ, ಯಾವ ಸರದಿ

ಎಲ್ಲಕ್ಕಿಂತ ವೇಗದ ಚಿತ್ರವನ್ನು ಮೊದಲ ವಾರವೇ ಹಾಕುವುದು ಸಾಮಾನ್ಯವಾಗಿ ಆಗುವ ತಪ್ಪು. ಹೆಸರು ದೊಡ್ಡದೆಂದು ‘ಹಿಸ್ ಗರ್ಲ್ ಫ್ರೈಡೇ’ಯಿಂದ ಶುರು ಮಾಡಿದರೆ ಅರ್ಧ ಗಂಟೆಯಲ್ಲಿ ಜನ ಓದಿ ಓದಿ ಸುಸ್ತಾಗುತ್ತಾರೆ, ಮುಂದಿನ ಶನಿವಾರ ಬರುವುದಿಲ್ಲ. ನಿಧಾನದಿಂದ ವೇಗಕ್ಕೆ ಹೋಗಿ.

ಮೊದಲ ವಾರಕ್ಕೆ ಫ್ರ್ಯಾಂಕ್ ಕಾಪ್ರಾ ಅವರ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934, 105 ನಿಮಿಷ). ಮನೆಬಿಟ್ಟು ಬಂದ ಶ್ರೀಮಂತರ ಹುಡುಗಿ ಕ್ಲಾಡೆಟ್ ಕೋಲ್ಬರ್ಟ್, ಕೆಲಸ ಕಳೆದುಕೊಂಡ ಪತ್ರಕರ್ತ ಕ್ಲಾರ್ಕ್ ಗೇಬಲ್, ರಾತ್ರಿ ಬಸ್ಸು, ಮಳೆ ಬಂದು ಕಡಿದುಹೋದ ರಸ್ತೆ. ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಕಾದು ಕೂತವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ ಈ ಐದೂ ಮುಖ್ಯ ಆಸ್ಕರ್‌ಗಳನ್ನು ಒಟ್ಟಿಗೆ ಗೆದ್ದ ಮೊದಲ ಚಿತ್ರ ಇದು. ಹಿಂದಿಯ ‘ಚೋರಿ ಚೋರಿ’ (1956), ‘ದಿಲ್ ಹೈ ಕಿ ಮಾನ್‌ತಾ ನಹೀ’ (1991) ಇದೇ ಕಥೆಯ ಮರಿಗಳು, ಹಾಗಾಗಿ ಜನಕ್ಕೆ ದಾರಿ ಗೊತ್ತಿರುತ್ತದೆ.

ಎರಡನೆಯದು ಗ್ರೆಗರಿ ಲಾ ಕಾವಾ ಅವರ ‘ಮೈ ಮ್ಯಾನ್ ಗಾಡ್‌ಫ್ರೀ’ (1936, 94 ನಿಮಿಷ). ವಿಲಿಯಂ ಪವೆಲ್ ತಗ್ಗಿದ ದನಿಯಲ್ಲಿ ಮಾತಾಡಿದರೆ ಕ್ಯಾರೊಲ್ ಲೊಂಬಾರ್ಡ್ ಉಸಿರು ಬಿಡದೆ ಸುರಿಸುತ್ತಾಳೆ. ನಿಜಜೀವನದಲ್ಲಿ ಇವರಿಬ್ಬರೂ ಮದುವೆಯಾಗಿ 1933ರಲ್ಲಿ ಬೇರೆಯಾಗಿದ್ದವರು. ಆದರೂ ತೆರೆಯ ಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಕೊಡುವ ಜಾಗ ನೋಡಬೇಕು.

ಮೂರು, ನಾಲ್ಕು, ಐದನೆಯ ವಾರಗಳ ಸರದಿಯನ್ನು ಮಾತ್ರ ಯಾವ ಕಾರಣಕ್ಕೂ ಬದಲಿಸಬೇಡಿ. ಲಿಯೋ ಮೆಕ್ಯಾರಿ ಅವರ ‘ದಿ ಆಫುಲ್ ಟ್ರೂತ್’ (1937, 91 ನಿಮಿಷ), ಹೊವಾರ್ಡ್ ಹಾಕ್ಸ್ ಅವರ ‘ಬ್ರಿಂಗಿಂಗ್ ಅಪ್ ಬೇಬಿ’ (1938, 102 ನಿಮಿಷ), ಆಮೇಲೆ ಹಾಕ್ಸ್ ಅವರದೇ ‘ಹಿಸ್ ಗರ್ಲ್ ಫ್ರೈಡೇ’ (1940, 92 ನಿಮಿಷ). ಮೂರರಲ್ಲೂ ನಾಯಕ ಕ್ಯಾರಿ ಗ್ರಾಂಟ್. ಮೊದಲನೆಯದರಲ್ಲಿ ಐರೀನ್ ಡನ್ ಅವನನ್ನು ‘ಜೆರ್ರಿ ದಿ ನಿಪ್ಪರ್’ ಎಂದು ಅಡ್ಡಹೆಸರಿಟ್ಟು ಮರ್ಯಾದೆ ಕಳೆಯುತ್ತಾಳೆ. ಮುಂದಿನ ಚಿತ್ರದ ಜೈಲಿನ ದೃಶ್ಯದಲ್ಲಿ ಕ್ಯಾಥರೀನ್ ಹೆಪ್‌ಬರ್ನ್ ಪೊಲೀಸರ ಮುಂದೆ ಅದೇ ಹೆಸರು ಎತ್ತಿದಾಗ, ಇವಳು ಸಿನಿಮಾ ನೋಡಿ ಕಥೆ ಕಟ್ಟುತ್ತಿದ್ದಾಳೆ ಎಂದು ಅವನು ಬಡಬಡಿಸುತ್ತಾನೆ. ‘ದಿ ಆಫುಲ್ ಟ್ರೂತ್’ನಲ್ಲಿ ಹುಡುಗಿಯನ್ನು ಮದುವೆಯಾಗಲು ಬಂದು ಬರಿಗೈಲಿ ಹೋಗುವವನು ರಾಲ್ಫ್ ಬೆಲ್ಲಮಿ, ‘ಹಿಸ್ ಗರ್ಲ್ ಫ್ರೈಡೇ’ಯಲ್ಲೂ ಅವನಿಗೆ ಅದೇ ಪಾಡು. ಆ ಮನುಷ್ಯ ನೋಡಲು ಹೇಗಿದ್ದಾನೆ ಎಂದು ಕೇಳಿದರೆ, ಸಿನಿಮಾದಲ್ಲಿ ಬರುತ್ತಾನಲ್ಲ ರಾಲ್ಫ್ ಬೆಲ್ಲಮಿ, ಅವನ ಹಾಗೆ ಎಂದು ಗ್ರಾಂಟ್ ಹೇಳುತ್ತಾನೆ. ಎರಡು ವಾರದ ಹಿಂದೆ ಬೆಲ್ಲಮಿಯನ್ನು ನೋಡಿದ ಊರು ಇಲ್ಲಿ ತಾನಾಗಿ ನಗುತ್ತದೆ, ನೋಡದ ಊರಿಗೆ ಅದು ಬರೀ ಒಂದು ಹೆಸರು. ಅದೇ ಚಿತ್ರದಲ್ಲಿ ಆರ್ಚಿ ಲೀಚ್ ಎಂಬ ಹೆಸರೂ ಬರುತ್ತದೆ. ಅದು ಗ್ರಾಂಟ್ ಹುಟ್ಟಿದಾಗಿನ ಹೆಸರು ಎಂಬುದನ್ನು ಮುನ್ನುಡಿಯಲ್ಲಿ ಹೇಳಿಡಿ. ಮೂರನೆಯ ವಾರದ ನಾಯಿ ಸ್ಕಿಪ್ಪಿಯೇ ನಾಲ್ಕನೆಯ ವಾರ ಮೂಳೆ ಹೂತಿಡುವ ನಾಯಿ. ಮಕ್ಕಳು ಇದನ್ನು ತಾವೇ ಕಂಡುಹಿಡಿಯಲಿ.

ಆರನೆಯದು ಪ್ರೆಸ್ಟನ್ ಸ್ಟರ್ಜಸ್ ಅವರ ‘ದಿ ಲೇಡಿ ಈವ್’ (1941, 94 ನಿಮಿಷ). ಇಸ್ಪೀಟಿನ ಮೋಸಗಾತಿ ಬಾರ್ಬರಾ ಸ್ಟ್ಯಾನ್‌ವಿಕ್, ಹಾವುಗಳ ಅಧ್ಯಯನ ಮುಗಿಸಿ ಅಮೆಜಾನಿನಿಂದ ಬರುವ ಪೆದ್ದ ಶ್ರೀಮಂತ ಹೆನ್ರಿ ಫೋಂಡಾ. ಇಡೀ ಪ್ರಕಾರದಲ್ಲಿ ಇದಕ್ಕೆ ಸಮನಾದ ಚಿತ್ರವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಐದು ವಾರ ಪಳಗಿದ ಕಣ್ಣು ಕಿವಿಗೆ ಅದನ್ನು ಉಳಿಸಿಡಿ.

ಪ್ರತಿ ಮತ್ತು ಕಾನೂನು

‘ಗಾಡ್‌ಫ್ರೀ’ ಮತ್ತು ‘ಹಿಸ್ ಗರ್ಲ್ ಫ್ರೈಡೇ’ ಅಮೆರಿಕದಲ್ಲಿ ಹಕ್ಕುಸ್ವಾಮ್ಯ ನವೀಕರಣವಾಗದ ಚಿತ್ರಗಳು. ಹಾಗಾಗಿ ನಕಲಿನ ನಕಲು ಎಲ್ಲೆಲ್ಲೂ ಸಿಗುತ್ತದೆ, ಹೆಚ್ಚಿನವು ಕೆಟ್ಟವು. ಮೂರು ಪರೀಕ್ಷೆ ಮಾಡಿ. ಹತ್ತಿರದ ಚಿತ್ರಿಕೆಯಲ್ಲಿ (ಕ್ಲೋಸ್‌ಅಪ್ ಶಾಟಿನಲ್ಲಿ) ಕೆನ್ನೆ ಸುಣ್ಣ ಬಳಿದ ಹಾಗೆ ಬರೀ ಬೆಳ್ಳಗಿದ್ದರೆ ಬೇಡ. ಪಿಯಾನೊ ಅಥವಾ ಹಾಡಿನ ಸ್ವರ ಅಲುಗಾಡಿದರೆ ಬೇಡ. ಅವಧಿ ಮೇಲೆ ಹೇಳಿದ್ದಕ್ಕಿಂತ ನಾಲ್ಕೈದು ನಿಮಿಷ ಕಡಿಮೆಯಿದ್ದರೆ ಒಂದೋ ಕತ್ತರಿ ಬಿದ್ದಿದೆ, ಇಲ್ಲವೇ ಯುರೋಪಿನ ಸೆಕೆಂಡಿಗೆ 25 ಫ್ರೇಮಿನ ವೇಗಕ್ಕೆ ಓಡಿಸಿದ್ದಾರೆ. ಬಣ್ಣ ಹಚ್ಚಿದ ಪ್ರತಿಯನ್ನು ಮುಟ್ಟಲೇಬೇಡಿ. ಕಪ್ಪು ಬಿಳುಪಿಗೆಂದೇ ಹೊಂದಿಸಿದ ಬೆಳಕು ಅದರಲ್ಲಿ ಸತ್ತುಹೋಗಿರುತ್ತದೆ.

ಆರು ಚಿತ್ರಗಳನ್ನೂ ಕ್ರೈಟೀರಿಯನ್ ಸಂಸ್ಥೆ ಶುದ್ಧಪ್ರತಿಯಲ್ಲಿ ತಂದಿದೆ. ಆದರೆ ಅಮೆರಿಕದ ಬ್ಲೂ-ರೇ ತಟ್ಟೆ ‘ಎ’ ವಲಯದ್ದು, ಭಾರತ ಇರುವುದು ‘ಸಿ’ ವಲಯದಲ್ಲಿ. ಇಲ್ಲಿ ಕೊಂಡ ಸಾಮಾನ್ಯ ಪ್ಲೇಯರ್ ಅದನ್ನು ಓದದೆ ಹೊರಗೆ ತಳ್ಳುತ್ತದೆ. ತಟ್ಟೆ ಕೊಳ್ಳುವ ಮೊದಲು ಎಲ್ಲ ವಲಯ ಓದುವ ಪ್ಲೇಯರ್ ಇದೆಯೇ ನೋಡಿಕೊಳ್ಳಿ.

ಭಾರತದ ಕಾಯಿದೆಯಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಚಿತ್ರಕಥೆ, ಸಂಗೀತದ ಲೆಕ್ಕ ಬೇರೆ, ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರದ ವಿಷಯವೂ ಬೇರೆ. ಹಾಗಾಗಿ ಟಿಕೆಟ್ ಇಡಬೇಡಿ, ಸದಸ್ಯರಿಗಷ್ಟೇ ತೋರಿಸಿ, ಮೊದಲೇ ಫಿಲ್ಮ್ ಸೊಸೈಟಿಗಳ ಒಕ್ಕೂಟವನ್ನು ವಿಚಾರಿಸಿ. ನಿಮ್ಮ ಮನೆಯ ಓಟಿಟಿ ಚಂದಾ ಮನೆಯವರಿಗೆ ಮಾತ್ರ.

ಕನ್ನಡ ಸಬ್‌ಟೈಟಲ್

ಹೆಚ್ಚಿನ ಶ್ರಮ ಬೇಡುವುದೂ ಫಲ ಕೊಡುವುದೂ ಇದೇ ಕೆಲಸ. ಒಂದು ಚಿತ್ರಕ್ಕೆ ಇಬ್ಬರು ಕೂತರೆ ಮೂರು ವಾರ ಬೇಕು. ಒಬ್ಬರು ಇಂಗ್ಲಿಷ್ ಬಲ್ಲವರು, ಇನ್ನೊಬ್ಬರು ಇಂಗ್ಲಿಷ್ ಸಾಲನ್ನು ನೋಡದೆ ಕನ್ನಡವನ್ನಷ್ಟೇ ಓದಿ ನಗು ಬಂತೋ ಇಲ್ಲವೋ ಹೇಳುವವರು. ಎರಡನೆಯವರು ಊರಿನ ಅರ್ಥಧಾರಿಯಾದರೆ ಬಹಳ ಒಳ್ಳೆಯದು.

ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ಇಂಗ್ಲಿಷಿನ ಎಸ್‌ಆರ್‌ಟಿ ಕಡತ (ಮಾತು, ಅದು ಬರುವ ಸಮಯ ಎರಡೂ ಇರುವ ಸಬ್‌ಟೈಟಲ್ ಕಡತ) ತೆರೆದು ಸಾಲಿನ ಜಾಗದಲ್ಲೇ ಕನ್ನಡ ಬರೆಯಿರಿ, ಸಮಯದ ಅಂಕಿಗಳನ್ನು ಕೆಡಿಸಬೇಡಿ. ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಉಳಿಸುವಾಗ ಯುಟಿಎಫ್-8 ಆಯ್ದುಕೊಳ್ಳಿ. ನುಡಿ, ಬರಹದ ಹಳೆಯ ಆನ್ಸಿ ಅಕ್ಷರಗಳಲ್ಲಿ ಬರೆದದ್ದು ಪರದೆಯ ಮೇಲೆ ರೋಮನ್ ಕಸವಾಗಿ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡ ಫಾಂಟ್ ಚೆನ್ನಾಗಿ ಓದಿಸಿಕೊಳ್ಳುತ್ತದೆ. ‘ಸ್ತ್ರೀ’, ‘ಸೂರ್ಯ’, ‘ಲಕ್ಷ್ಮಿ’ ಈ ಮೂರು ಪದ ಹಾಕಿ, ಕಂಪ್ಯೂಟರಿನಲ್ಲಿ ಚಿತ್ರ ಓಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ನೋಡಿ. ಒತ್ತಕ್ಷರ ಬೇರೆಯಾಗಿ ನಿಂತರೆ ವಿಎಲ್‌ಸಿ ಹಳೆಯದು, ಹೊಸದನ್ನು ಹಾಕಿಕೊಳ್ಳಿ.

ಓದುವ ವೇಗಕ್ಕೆ ನಮ್ಮ ಲೆಕ್ಕ ಸೆಕೆಂಡಿಗೆ 8ರಿಂದ 10 ಅಕ್ಷರ. ಒತ್ತಕ್ಷರ ಸೇರಿ ಒಂದೇ ಎಂದು ಎಣಿಸಿ. ಎರಡು ಸಾಲಿಗಿಂತ ಹೆಚ್ಚು ಬೇಡ, 6 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ಪುಸ್ತಕದ ಕನ್ನಡ ಇಲ್ಲಿ ಸೋಲುತ್ತದೆ. ‘ಹಿಸ್ ಗರ್ಲ್ ಫ್ರೈಡೇ’ಯ ಕೊನೆಯ ಭಾಗದಲ್ಲಿ ಸಂಪಾದಕ ಗ್ರಾಂಟ್ ಫೋನಿನಲ್ಲಿ ಮುಖಪುಟದ ಸುದ್ದಿಗಳನ್ನೆಲ್ಲ ತೆಗೆಸುತ್ತಾ ಹುಂಜದ ಸುದ್ದಿಯೊಂದನ್ನು ಮಾತ್ರ ಉಳಿಸುತ್ತಾನೆ. ‘ಹುಂಜದ ಕುರಿತಾದ ಸುದ್ದಿಯನ್ನು ತೆಗೆಯಬೇಡಿ, ಅದು ಮಾನವಾಸಕ್ತಿಯ ವರದಿ’ ಎಂದು ಬರೆದರೆ 27 ಅಕ್ಷರ, ಮೂರು ಸೆಕೆಂಡು ಬೇಕು, ಅಷ್ಟರಲ್ಲಿ ಗ್ರಾಂಟ್ ಮುಂದಿನ ಸುದ್ದಿಗೆ ಹೋಗಿರುತ್ತಾನೆ. ‘ಹುಂಜದ ಸುದ್ದಿ ಇರ್ಲಿ ಬಿಡು. ಅದು ಮನುಷ್ಯರ ವಿಷ್ಯ!’ ಎಂದರೆ 17 ಅಕ್ಷರ. ಹುಂಜವೂ ಮನುಷ್ಯರೂ ಒಂದೇ ಉಸಿರಿನಲ್ಲಿ ಢಿಕ್ಕಿ ಹೊಡೆಯುತ್ತವೆ, ನಗು ಹುಟ್ಟುವುದು ಆ ಢಿಕ್ಕಿಯಲ್ಲಿ.

ಇದೇ ಚಿತ್ರದಲ್ಲಿ ಮಾತಿನ ಮೇಲೆ ಮಾತು ಬೀಳುತ್ತದೆ. ಒಬ್ಬರ ಸಾಲು ಮುಗಿಯುವ ಮೊದಲೇ ಇನ್ನೊಬ್ಬರು ಶುರು ಮಾಡಬೇಕೆಂದು ಹಾಕ್ಸ್ ಬೇಕೆಂದೇ ಹಾಗೆ ಮಾಡಿಸಿದ್ದು. ಗ್ರಾಂಟ್ ಒಂದು ಫೋನಿನಲ್ಲಿ, ರೊಸಾಲಿಂಡ್ ರಸೆಲ್ ಇನ್ನೊಂದರಲ್ಲಿ ಕಿರುಚುವಾಗ ಇಬ್ಬರದನ್ನೂ ಬರೆಯಲು ಹೋಗಬೇಡಿ. ಯಾರ ಮಾತಿನಿಂದ ಕಥೆ ಮುಂದೆ ಹೋಗುತ್ತದೋ ಅವರದನ್ನು ಬರೆಯಿರಿ, ಇನ್ನೊಂದನ್ನು ಕಿವಿಗೆ ಬಿಡಿ. ಚಂಡೆಯ ನಡುವೆಯೂ ಭಾಗವತರ ಪದ ಹಿಡಿಯುವ ಜನಕ್ಕೆ ದನಿಯ ಏರಿಳಿತದಲ್ಲೇ ಜಗಳ ಗೊತ್ತಾಗುತ್ತದೆ. ಇಬ್ಬರದೂ ಬೇಕೇಬೇಕಾದ ಕಡೆ ಒಂದೊಂದು ಸಾಲು, ಮುಂದೆ ಅಡ್ಡಗೆರೆ, ಪ್ರತಿ ಸಾಲಿಗೆ 12 ಅಕ್ಷರದ ಮಿತಿ. ನಗೆಯ ಪದ ಸಾಲಿನ ಕೊನೆಯಲ್ಲೇ ಬರಲಿ. ಮೊದಲೇ ಬಂದರೆ ನಟ ಬಾಯಿ ಬಿಡುವ ಮುನ್ನ ಜನ ನಕ್ಕು ಮುಗಿಸಿರುತ್ತಾರೆ.

ಇಂಗ್ಲಿಷಿನಲ್ಲಿ ಇಲ್ಲದ ಒಂದು ಸಾಧನ ಕನ್ನಡದಲ್ಲಿದೆ, ಅದು ನೀನು-ನೀವು. ಪ್ರತಿ ಚಿತ್ರಕ್ಕೂ ಬರೆಯುವ ಮೊದಲೇ ಇದನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ‘ಗಾಡ್‌ಫ್ರೀ’ಯಲ್ಲಿ ಮನೆಯಾಳಾಗಿ ಸೇರಿದವನು ಲೊಂಬಾರ್ಡ್‌ಗೆ ಕೊನೆಯವರೆಗೂ ‘ನೀವು’ ಎನ್ನಲಿ, ಅವಳು ಮೊದಲ ರಾತ್ರಿಯಿಂದಲೇ ‘ನೀನು’ ಎನ್ನಲಿ. ‘ಹಿಸ್ ಗರ್ಲ್ ಫ್ರೈಡೇ’ಯ ಇಬ್ಬರೂ ವಿಚ್ಛೇದನ ಪಡೆದ ಗಂಡ ಹೆಂಡತಿ, ಅವರ ನಡುವೆ ‘ನೀವು’ ಸುಳ್ಳಾಗುತ್ತದೆ. ‘ಲೇಡಿ ಈವ್’ನಲ್ಲಿ ಸ್ಟ್ಯಾನ್‌ವಿಕ್ ಕಾಲು ಅಡ್ಡಕೊಟ್ಟು ಬೀಳಿಸಿದ ಹೊತ್ತಲ್ಲಿ ‘ನೀವು’, ತನ್ನ ಕೋಣೆಯಲ್ಲಿ ಅವನಿಂದ ಚಪ್ಪಲಿ ಹಾಕಿಸಿಕೊಳ್ಳುವಾಗ ‘ನೀನು’. ಫೋಂಡಾ ತನ್ನ ಪ್ರೀತಿ ಹೇಳಿಕೊಳ್ಳುವವರೆಗೂ ‘ನೀವು’ ಬಿಡಬಾರದು. ಅವಳ ಗುಟ್ಟು ತಿಳಿದ ಬೆಳಗ್ಗೆ ಅವನು ಮತ್ತೆ ‘ನೀವು’ಗೆ ಹೋದರೆ ಆ ಒಂದು ಪದವೇ ಚುಚ್ಚುತ್ತದೆ.

ಪಾತ್ರಗಳಿಗೆ ಪ್ರಾದೇಶಿಕ ಆಡುಮಾತು ಹಚ್ಚುವ ಆಸೆ ಬರುತ್ತದೆ. ಒಕ್ಲಹಾಮದ ಬೆಲ್ಲಮಿಗೆ ಬಯಲುಸೀಮೆಯ ಮಾತು, ನ್ಯೂಯಾರ್ಕಿನ ಅತ್ತೆಗೆ ಹವ್ಯಕ ಮಾತು ಎಂದೆಲ್ಲ. ಬೇಡ. ಜನ ಪಾತ್ರಕ್ಕೆ ನಗುವುದನ್ನು ಬಿಟ್ಟು ಆ ಸೀಮೆಯವರಿಗೆ ನಗುತ್ತಾರೆ. ಶಿವಮೊಗ್ಗ ಕಡೆಯ ಸಾದಾ ಆಡುಮಾತು ಸಾಕು.

ಬರೆದದ್ದು ಶುರುವಲ್ಲಿ ಸರಿಯಿದ್ದು ಹೋಗುತ್ತಾ ಹೋಗುತ್ತಾ ತಪ್ಪಿದರೆ ಅದು ಫ್ರೇಮಿನ ವೇಗದ ದೋಷ. 23.976 ಫ್ರೇಮಿಗೆ ಮಾಡಿದ ಕಡತವನ್ನು 25 ಫ್ರೇಮಿನ ಚಿತ್ರಕ್ಕೆ ಹಾಕಿದರೆ 92 ನಿಮಿಷದ ಚಿತ್ರದ ಕೊನೆಗೆ ಸುಮಾರು 3 ನಿಮಿಷ 45 ಸೆಕೆಂಡು ಹಿಂದೆ ಬೀಳುತ್ತದೆ. ಸಬ್‌ಟೈಟಲ್ ಎಡಿಟ್‌ನಲ್ಲಿ ಫ್ರೇಮ್ ರೇಟ್ ಬದಲಿಸಿದರೆ ಸರಿಹೋಗುತ್ತದೆ. ಶುರುವಿಂದ ಕೊನೆಯವರೆಗೂ ಒಂದೇ ಅಂತರ ಇದ್ದರೆ ವಿಎಲ್‌ಸಿಯಲ್ಲಿ ‘ಜಿ’ ಒತ್ತಿ ಮುಂಚೆ ತನ್ನಿ, ‘ಎಚ್’ ಒತ್ತಿ ತಡ ಮಾಡಿ. ಒಂದು ಒತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ.

ಹಾಲ್, ಪರದೆ, ದನಿ

ತಗಡಿನ ಶೀಟಿನ ಸಮುದಾಯ ಭವನ ಮಳೆಗಾಲಕ್ಕೆ ಆಗದು. ಜೋರು ಮಳೆ ಬಿದ್ದರೆ ಪಕ್ಕದವರ ಮಾತೇ ಕೇಳದು, ಗ್ರಾಂಟ್ ಮಾತು ಎಲ್ಲಿಂದ ಕೇಳಬೇಕು? ಒಳಗೆ ಹಲಗೆ ಹಾಸಿದ ಹೆಂಚಿನ ಮಾಡು, ಇಲ್ಲವೇ ಆರ್‌ಸಿಸಿ ಹುಡುಕಿ. ತಗಡು ಬಿಟ್ಟು ಗತಿಯಿಲ್ಲ ಎಂದಾದರೆ ಮೇಲೆ ಅಡಿಕೆ ಸೋಗೆ ದಪ್ಪಗೆ ಹೊದೆಸಿ ಹಗ್ಗ ಬಿಗಿಯಿರಿ, ಹನಿಯ ಪೆಟ್ಟು ಮೆತ್ತಗಾಗುತ್ತದೆ.

ಈ ಚಿತ್ರಗಳ ಚೌಕಟ್ಟು ಎತ್ತರ 1 ಇದ್ದರೆ ಅಗಲ 1.37. ಈಗಿನ ಪ್ರೊಜೆಕ್ಟರಿನದು 16:9. ಪರದೆ ತುಂಬಲೆಂದು ಎಳೆದರೆ ಹೆಪ್‌ಬರ್ನ್ ಕುಳ್ಳಿಯಾಗುತ್ತಾಳೆ, ಹಿಗ್ಗಿಸಿ ಕತ್ತರಿಸಿದರೆ ಮೇಲೆ ಹಣೆ, ಕೆಳಗೆ ಕೈ ಹೋಗುತ್ತದೆ. ಅರವತ್ತು ಜನಕ್ಕೆ ಚಿತ್ರದ ಎತ್ತರ 5 ಅಡಿ, ಅಗಲ 6 ಅಡಿ 10 ಇಂಚು ಸಾಕು. ಪ್ರೊಜೆಕ್ಟರ್ ಚೆಲ್ಲುವ ಒಟ್ಟು ಅಗಲ 8 ಅಡಿ 11 ಇಂಚಿನ ಹತ್ತಿರ ಬರುತ್ತದೆ. ಎರಡು ಬದಿಗೂ ಒಂದೊಂದು ಅಡಿ ಕಪ್ಪು ಬಟ್ಟೆ ಇಳಿಬಿಟ್ಟರೆ ಬೂದುಬಣ್ಣದ ಪಟ್ಟಿ ಮರೆಯಾಗಿ ಚಿತ್ರ ಗಟ್ಟಿಯಾಗಿ ಕಾಣುತ್ತದೆ. ಪರದೆಯ ಕೆಳಅಂಚು ನೆಲದಿಂದ 4 ಅಡಿ ಮೇಲಿರಲಿ, ಇಲ್ಲದಿದ್ದರೆ ಮುಂದಿನವರ ತಲೆ ಕನ್ನಡವನ್ನೆಲ್ಲ ನುಂಗುತ್ತದೆ. ಕೊನೆಯ ಸಾಲು 30 ಅಡಿ ದೂರ ಇದ್ದರೆ ಅಕ್ಷರ ಪರದೆಯ ಮೇಲೆ 3 ಇಂಚು ಎತ್ತರ ಇರಬೇಕು. ಬಿಳಿ ಅಕ್ಷರ ಬಿಳಿ ಅಂಗಿಯ ಮೇಲೆ ಕರಗುತ್ತದೆ, ತಿಳಿಹಳದಿಗೆ ಕಪ್ಪು ಅಂಚು ಕೊಡಿ.

ದನಿಯೆಲ್ಲ ಮೋನೊ. ಸ್ಪೀಕರ್‌ಗಳನ್ನು ಪರದೆಯ ಪಕ್ಕದಲ್ಲೇ ಇಡಿ, ಸರೌಂಡ್ ಬಂದ್ ಮಾಡಿ. 120 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸಿ, 2ರಿಂದ 4 ಕಿಲೊಹರ್ಟ್ಸ್ ನಡುವೆ 3 ಡೆಸಿಬಲ್ ಏರಿಸಿ. ವ್ಯಂಜನಗಳು ಸ್ಪಷ್ಟವಾಗುವುದು ಅಲ್ಲಿ. ಬಾಸ್ ಏರಿಸಿದರೆ ಮಾತೆಲ್ಲ ಹಂಡೆಯೊಳಗಿನ ಗುಂಯ್‌ಗುಡುವಿಕೆ. ಹಿಂದಿನ ಗೋಡೆಗೆ ದಪ್ಪ ಜಮಖಾನ ನೇತುಹಾಕಿ.

ಕರೆಂಟು ಹೋಗಿಯೇ ಹೋಗುತ್ತದೆ. 300 ವಾಟಿನ ಪ್ರೊಜೆಕ್ಟರ್, 100 ವಾಟಿನ ಆಂಪ್ಲಿಫೈಯರ್, ಲ್ಯಾಪ್‌ಟಾಪ್ ಸೇರಿ 430 ವಾಟಿನಷ್ಟು. ಒಳ್ಳೆಯ 150 ಎಎಚ್ ಬ್ಯಾಟರಿ ಎರಡು ಗಂಟೆ ಎಳೆಯುತ್ತದೆ. ಇನ್ವರ್ಟರ್ ಸೈನ್‌ವೇವ್‌ನದೇ ಆಗಬೇಕು, ಸ್ಕ್ವೇರ್‌ವೇವ್ ಆದರೆ ಸ್ಪೀಕರ್ ಗುಂಯ್ ಎನ್ನುತ್ತದೆ. ಕರೆಂಟು ಬದಲಾಗುವ ಕ್ಷಣದಲ್ಲಿ ಪ್ರೊಜೆಕ್ಟರ್ ಆರಿದರೆ ಬಲ್ಬು ತಣಿಯದೆ ಮತ್ತೆ ಹತ್ತುವುದಿಲ್ಲ, ಐದು ನಿಮಿಷ ಹೋಯಿತು, ಓಟ ಮುರಿಯಿತು. ನಡುವೆ ಕಂಪ್ಯೂಟರಿನ ಚಿಕ್ಕ ಯುಪಿಎಸ್ ಇಟ್ಟು ಹಿಂದಿನ ದಿನವೇ ಮೇನ್ ಸ್ವಿಚ್ ಇಳಿಸಿ ನೋಡಿ. ಥಂಡಿಗೆ ಲೆನ್ಸ್ ಮಂಜಾಗುತ್ತದೆ, ಅರ್ಧ ಗಂಟೆ ಮೊದಲೇ ಹಚ್ಚಿಡಿ. ಬೆಳಕಿಗೆ ಬರುವ ಹುಳುಗಳಿಗೆ ಅಂಗಳದಲ್ಲೊಂದು ಬಲ್ಬು ಉರಿಸಿ ಕಿಟಕಿ ಮುಚ್ಚಿ.

ಮುನ್ನುಡಿ ಮತ್ತು ಸಂಜೆಯ ಓಟ

ಐದಕ್ಕೆ ಶುರು ಮಾಡಿ. ಏಳರೊಳಗೆ ಮುಗಿದರೆ ಹಳ್ಳಿಗೆ ಹೋಗುವ ಕೊನೆಯ ಬಸ್ಸು ಸಿಗುತ್ತದೆ. ಇಂಟರ್‌ವಲ್ ಬೇಡ, ಈ ಚಿತ್ರಗಳ ನಡುವೆ ನಿಲ್ಲುವ ಜಾಗವೇ ಇಲ್ಲ. ಚಹಾ ಮಂಡಕ್ಕಿ ಕೊನೆಗೆ.

ಮುನ್ನುಡಿ ಐದು ನಿಮಿಷ ಮೀರಬಾರದು. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ 1973ರಿಂದಲೇ ಹಳ್ಳಿಯ ಜನಕ್ಕೆ ಹೊರದೇಶದ ಚಿತ್ರ ತೋರಿಸಿದೆ, ಈ ಸೀಮೆಯವರಿಗೆ ಸಿನಿಮಾ ಪಾಠ ಬೇಡ. ಯಾವುದು ಗೊತ್ತಿಲ್ಲದಿದ್ದರೆ ನಗು ತಪ್ಪುತ್ತದೋ ಅಷ್ಟನ್ನೇ ಹೇಳಿ. ಮೊದಲ ವಾರ: ಗೇಬಲ್ ಎರಡು ಮಂಚದ ನಡುವೆ ಹಗ್ಗ ಕಟ್ಟಿ ಕಂಬಳಿ ಹಾಕಿ ಅದನ್ನು ‘ಜೆರಿಕೋ ಗೋಡೆ’ ಎನ್ನುತ್ತಾನೆ. ಬೈಬಲಿನ ಕಥೆಯಲ್ಲಿ ಕೊಂಬು ಊದಿದಾಗ ಆ ಊರಿನ ಕೋಟೆ ಬೀಳುತ್ತದೆ. ಇದನ್ನು ಹೇಳಿರದಿದ್ದರೆ ಕೊನೆಯ ದೃಶ್ಯದ ಆಟಿಕೆ ತುತ್ತೂರಿ ಯಾಕೆ ಎಂದು ಅರ್ಧ ಜನಕ್ಕೆ ತಿಳಿಯುವುದಿಲ್ಲ. ಎರಡನೇ ವಾರ: 1929ರ ಆರ್ಥಿಕ ಕುಸಿತದ ನಂತರ ಬೀದಿಗೆ ಬಿದ್ದವರನ್ನು ‘ಮರೆತುಹೋದ ಮನುಷ್ಯ’ ಎನ್ನುತ್ತಿದ್ದರು. ಶ್ರೀಮಂತರು ಒಂದು ಆಟದಲ್ಲಿ ಹಳೇ ಸಾಮಾನಿನ ಜೊತೆ ಅಂಥ ಮನುಷ್ಯನನ್ನೂ ಹುಡುಕಿ ತರಲು ಹೊರಡುತ್ತಾರೆ. ನಾಲ್ಕನೇ ವಾರ: ಒಂದು ಸಾಕಿದ ಚಿರತೆ, ಒಂದು ಸರ್ಕಸ್ಸಿನ ಚಿರತೆ, ಎರಡು ಬೇರೆ ಎಂದು ಹೇಳಿಬಿಡಿ. ಕೊಟ್ಟಿಗೆಯ ನಾಯಿಯನ್ನು ಚಿರತೆಗೆ ಕಳೆದುಕೊಂಡವರು ಕೂತಿರುತ್ತಾರೆ, ಅವರು ಈ ಪ್ರಾಣಿಯನ್ನು ನಗೆಯ ಕಣ್ಣಿಂದ ನೋಡಲು ಸ್ವಲ್ಪ ಹೊತ್ತು ಬೇಕು. ಗ್ರಾಂಟ್ ಮತ್ತು ಚಿರತೆ ಒಟ್ಟಿಗೆ ಕಾಣುವ ಕೆಲವು ಚಿತ್ರಿಕೆಗಳು ಬೇರೆ ಬೇರೆ ತೆಗೆದು ಜೋಡಿಸಿದವು, ಹೆಪ್‌ಬರ್ನ್ ಮಾತ್ರ ಹತ್ತಿರವೇ ನಿಂತು ಅಭಿನಯಿಸಿದ್ದಾಳೆ.

ನಟರ ಬಗ್ಗೆ ಒಂದೊಂದೇ ಸುಳಿವು ಕೊಡಿ. ಗ್ರಾಂಟ್ ಹುಡುಗನಾಗಿದ್ದಾಗ ದೊಂಬರಾಟದ ತಂಡದಲ್ಲಿ ಪಳಗಿದವನು, ಬೀಳುವುದನ್ನು ನೋಡಿ. ಡನ್ ಮುಖ ಅಲ್ಲಾಡಿಸದೆ ಮೂಗಿನಲ್ಲೇ ನಗುತ್ತಾಳೆ. ಸ್ಟ್ಯಾನ್‌ವಿಕ್ ಊಟದ ಕೋಣೆಯಲ್ಲಿ ಕೈಗನ್ನಡಿ ಹಿಡಿದು, ಫೋಂಡಾನ ಗಮನ ಸೆಳೆಯಲು ಬರುವ ಒಬ್ಬೊಬ್ಬ ಹೆಂಗಸಿಗೂ ಮೆಲುದನಿಯಲ್ಲಿ ಅರ್ಥ ಹೇಳುತ್ತಾಳೆ. ಇಲ್ಲಿ ಸಾಲುಗಳು ಕನ್ನಡಿಯೊಳಗಿನ ಚಲನೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕು, ಈ ಎರಡು ನಿಮಿಷಕ್ಕೆ ಒಂದು ಇಡೀ ಸಂಜೆ ಕೊಟ್ಟರೂ ತಪ್ಪಿಲ್ಲ.

‘ಲೇಡಿ ಈವ್’ನಲ್ಲಿ ಸ್ಟ್ಯಾನ್‌ವಿಕ್ ಬೇರೆ ಹೆಸರಿಟ್ಟುಕೊಂಡು ಮತ್ತೆ ಬಂದಾಗ ಫೋಂಡಾನ ಜೊತೆಗಾರ ಮಗ್ಸಿ, ಇವಳು ಹಡಗಿನಲ್ಲಿ ಕಂಡವಳೇ ಎಂದು ಮತ್ತೆ ಮತ್ತೆ ಹೇಳುತ್ತಾನೆ, ಯಾರೂ ನಂಬುವುದಿಲ್ಲ. ಅವನು ಹೇಳುವ ಪ್ರತಿ ಕಡೆಯೂ ಒಂದೇ ಮಾತು ಬರೆಯಿರಿ: ‘ಅವಳೇ ಇವಳು!’ ಬಾಗಿಲು ಮುಚ್ಚಿಕೊಂಡ ಮೇಲೆ ಚಿತ್ರದ ಕಟ್ಟಕಡೆಯ ಸಾಲೂ ಅವನದೇ, ಅದೇ ಮಾತೇ. ಬಾಗಿಲು ಮುಚ್ಚಿದ್ದನ್ನು ಕಂಡು ಮುಗಿಯಿತೆಂದು ಸ್ವಿಚ್ಚಿನ ಹತ್ತಿರ ನಿಂತವರು ಲೈಟು ಹಾಕಿಬಿಡುತ್ತಾರೆ. ಆ ಸಾಲು ಬಂದು, ನಗು ಮುಗಿದು, ಸಂಗೀತ ನಿಲ್ಲುವವರೆಗೂ ಸ್ವಿಚ್ಚಿನಿಂದ ಕೈ ದೂರ ಇಡಲು ಅವರಿಗೆ ಮೊದಲೇ ಹೇಳಿಡಿ.